ಕಡೇ ಬೆಂಚಿನವರಿಗೆ ಕೇಳಿಸ್ತಾ?

ನನ್ನ ಯಜಮಾನರು ಹರಾಜು ಕೂಗುತ್ತಿದ್ದರು. ಸತ್ತವರ ಮನೆಯ ಸಾಮಾನು, ಊರು ಬಿಟ್ಟು ಹೋಗುವವರ ಸಾಮಾನು, ಅಣ್ಣತಮ್ಮಂದಿರು ಪಾಲಾದ ಮೇಲೆ ಯಾರಿಗೂ ಬೇಡವಾದ ಸಾಮಾನು, ಎಲ್ಲವೂ ಬಂದು ಸೇರುವ ಉದ್ದನೆಯ ಹಜಾರ ಅದು. ಈ ತುದಿಯಲ್ಲಿ ಮರದ ಕಟ್ಟೆ, ಕಟ್ಟೆಯ ಮೇಲೆ ಎದೆಮಟ್ಟದ ಮೇಜು, ಮೇಜಿನ ಮೇಲೆ ಮರದ ಸುತ್ತಿಗೆ. ಆ ತುದಿಯಲ್ಲಿ ಬಾಗಿಲು. ನಡುವೆ ಬೆಂಚುಗಳು. ಮೇಲೆ ತಗಡಿನ ಮಾಡು. ಹೊರಗೆ ಲಾರಿಗಳ ಗದ್ದಲ, ಒಳಗೆ ಬೀರು ಮಂಚಗಳನ್ನು ಎಳೆದಾಡುವ ಗದ್ದಲ. ಇಷ್ಟನ್ನೂ ದಾಟಿ ಅವರ ದನಿ ಬಾಗಿಲ ಪಕ್ಕದ ಕಡೇ ಬೆಂಚಿಗೆ ಮುಟ್ಟುತ್ತಿತ್ತು. ಹಜಾರದ ಮಾಲೀಕರು ಮೈಕು ತರಿಸುತ್ತೇನೆ ಎಂದಾಗ, "ಕಾಲಿಲ್ಲದವನಿಗೆ ಕೋಲು ಕೊಡಿ, ನನಗ್ಯಾಕೆ?" ಎಂದು ನಕ್ಕಿದ್ದರಂತೆ. ಅಲ್ಲಿಯ ಜನ ಅವರನ್ನು ಗುಡುಗಣ್ಣ ಎಂದೇ ಕರೆಯುತ್ತಿದ್ದರು.

ಕೆಲಸದಲ್ಲಿ ಅವರು ಬಿಡದೆ ನಡೆಸಿಕೊಂಡು ಬಂದ ನೇಮಗಳಿದ್ದವು. ಯಾವ ಸಾಮಾನನ್ನು ಕೂಗುವ ಮೊದಲೂ, "ಕಡೇ ಬೆಂಚಿನವರಿಗೆ ಕೇಳಿಸ್ತಾ?" ಎಂದು ಕೇಳಬೇಕು. ಅಲ್ಲಿಂದ ಒಂದು ಕೈ ಮೇಲೇಳುವ ತನಕ ಸವಾಲು ಶುರುವಾಗುವಂತಿಲ್ಲ. ಮುಂದಿನ ಸಾಲಿನಲ್ಲಿ ದೊಡ್ಡ ವ್ಯಾಪಾರಿಗಳು ಕೂರುತ್ತಾರೆ, ಹಿಂದೆ ಕೂರುವವರು ಒಂದೇ ಒಂದು ಕುರ್ಚಿಗೆಂದು ಬಂದವರು, ಅವರಿಗೆ ಕೇಳಿಸದೆ ಮಾರಿದರೆ ಅದು ಕಳ್ಳತನ ಎನ್ನುವರು. ಇನ್ನೊಂದು ನೇಮ, ಜೋಡಿ ಒಡೆಯಬಾರದು. ಜೋಡಿಯಾಗಿ ಮನೆಗೆ ಬಂದದ್ದು ಜೋಡಿಯಾಗಿಯೇ ಹೋಗಬೇಕು. ಎರಡು ಕುರ್ಚಿಗಳನ್ನು ಬಿಡಿಬಿಡಿಯಾಗಿ ಕೂಗಿದರೆ ಹೆಚ್ಚು ಬರುತ್ತದೆಂದು ಮಾಲೀಕರು ಎಷ್ಟು ಹೇಳಿದರೂ ಅವರು ಒಪ್ಪುತ್ತಿರಲಿಲ್ಲ. "ಒಂದು ಮುರಿದಿದ್ರೂ ಸರಿ, ಮುರಿದದ್ದನ್ನೂ ಸೇರಿಸಿ ತಗೊಂಡು ಹೋಗಲಿ" ಎನ್ನುವರು.

ನಾನು ಅವರನ್ನು ಮೊದಲು ನೋಡಿದ್ದು ಆ ಕಡೇ ಬೆಂಚಿನಿಂದಲೇ. ಚಿಕ್ಕಮ್ಮ ನನ್ನನ್ನು ಹೊಲಿಗೆ ಯಂತ್ರ ಕೊಳ್ಳಲು ಕರೆದುಕೊಂಡು ಹೋಗಿದ್ದಳು. ಬೆಂಚಿನ ತುದಿಗೆ ನಾನು ಕೂತಿದ್ದೆ. "ಕೇಳಿಸ್ತಾ?" ಎಂದು ಅವರು ಕೇಳಿದರೆ ಕೈ ಎತ್ತಬೇಕೆಂದು ನನಗೇನು ಗೊತ್ತು? ಎರಡನೇ ಸಲ ನನ್ನನ್ನೇ ನೋಡಿ ಕೇಳಿದರು. ಚಿಕ್ಕಮ್ಮ ತೊಡೆ ಚಿವುಟಿದಳು. ನನಗೆ ರೇಗಿತು. "ಕೇಳಿಸ್ತು. ಪಕ್ಕದ ಬೀದಿಯ ಕಿವುಡರಿಗೂ ಕೇಳಿಸ್ತು" ಎಂದೆ. ಹಜಾರವೆಲ್ಲ ನಕ್ಕಿತು. ಹೊಲಿಗೆ ಯಂತ್ರ ನಮ್ಮ ಕೈಗೆ ಹತ್ತಲಿಲ್ಲ. ಆದರೆ ಮದುವೆಯಾದ ಮೇಲೆ ಚಿಕ್ಕಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು, "ಹೊಲಿಗೆ ಯಂತ್ರಕ್ಕೆ ಅಂತ ಹೋದವಳು ಗುಡುಗು ಕೊಂಡ್ಕೊಂಡು ಬಂದ್ಲು."

ಆ ದನಿಯೊಡನೆ ನಾನು ಒಂದು ಆಯುಷ್ಯ ಬಾಳಿದೆ. ಅವರು ಮಗಳನ್ನು ತೂಗಿ ಮಲಗಿಸಲು ಹೋದರೆ ಮಗು ಬೆಚ್ಚಿ ಏಳುತ್ತಿತ್ತು. ಸಂಜೆ ನಾವಿಬ್ಬರೂ ಕೂತು ಪ್ರಾರ್ಥನೆ ಹೇಳುವಾಗ, "ಮೆತ್ತಗೆ ಹೇಳಿ, ದೇವರಿಗೇನು ಕಿವಿ ಮಂದವೇ?" ಎಂದು ನಾನು ಗದರುವೆ. "ಅವನು ಎಷ್ಟು ದೂರದಲ್ಲಿ ಕೂತಿದಾನೋ ಯಾರಿಗೆ ಗೊತ್ತು?" ಎನ್ನುವರು ಅವರು.

ಅವರ ಕೂದಲು ನರೆಯತೊಡಗಿದ ಕಾಲದಲ್ಲಿ ನಿದ್ದೆಯಲ್ಲೂ ಹರಾಜು ಶುರುವಾಯಿತು. ಬೆಳಗು ಹರಿಯುವ ಮುಂಚಿನ ಜಾವದಲ್ಲಿ ಇದ್ದಕ್ಕಿದ್ದಂತೆ, "ಕಡೇ ಬೆಂಚಿನವರಿಗೆ ಕೇಳಿಸ್ತಾ?" ಎಂದು ಗುಡುಗುವರು. ಬೀರು, ಗಡಿಯಾರ, ಕಂಚಿನ ದೀಪದ ಕಂಬ, ಏನೇನನ್ನೋ ಕೂಗುವರು. "ಒಂದು ಸಲ, ಎರಡು ಸಲ, ಮೂರು ಸಲ" ಎಂದು ಮುಷ್ಟಿಯನ್ನು ಮಂಚದ ಪಟ್ಟಿಗೆ ಬಡಿಯುವರು. ಒಮ್ಮೊಮ್ಮೆ ಪಟ್ಟಿ ಇರುವ ಜಾಗದಲ್ಲಿ ನನ್ನ ಭುಜ ಇರುತ್ತಿತ್ತು. ಎಬ್ಬಿಸಿದರೆ ಕೂಡಲೇ ಎಚ್ಚರವಾಗಿ, "ಜಗಳ ಆಯ್ತು, ಯಾರೋ ಗಡಿಯಾರ ಎತ್ಕೊಂಡು ಓಡ್ತಿದ್ದ" ಎಂದು ಕನಸು ಹೇಳಿ ಮತ್ತೆ ಮಲಗುವರು. ನಾನು ನಾದಿನಿಗೆ ಭುಜ ತೋರಿಸಿ, "ನೋಡು, ನಿಮ್ಮಣ್ಣ ನನ್ನನ್ನು ಮಾರಿಬಿಟ್ರು" ಎಂದೆ. ಅವಳು, "ಯಾರು ಕೊಂಡ್ಕೊಂಡ್ರಂತೆ, ಅತ್ತಿಗೆ? ವಾಪಸ್ ತಂದುಬಿಟ್ರೆ ಕಷ್ಟ" ಎಂದಳು. ಹೀಗೆ ನಗೆಯಲ್ಲೇ ವರ್ಷಗಳು ಕಳೆದವು. ಹಗಲೆಲ್ಲ ದುಡಿದ ನಾಲಿಗೆ ನಿದ್ದೆಯಲ್ಲೂ ದುಡಿಯುತ್ತದೆ ಎಂದುಕೊಂಡೆವು. ಅದು ಕಾಯಿಲೆಯ ಕರೆ ಎಂದು ಯಾರಿಗೆ ಹೊಳೆಯಬೇಕು?

ಆಮೇಲೆ ದನಿ ಇಳಿಯಿತು. ಒಂದೇ ದಿನ ಅಲ್ಲ. ಸಂಜೆ ಬೆಳಕು ಇಳಿದಂತೆ, ಯಾವಾಗ ಎಂದು ಹೇಳಲಾಗದಂತೆ. ಕೈ ನಡುಗಲಿಲ್ಲ. ನಡೆ ನಿಧಾನವಾಯಿತು, ಎರಡೂ ಕಾಲು ಒಂದೇ ಸಮ ನಿಧಾನವಾದ್ದರಿಂದ ಕುಂಟು ಎಂದು ಯಾರಿಗೂ ಅನ್ನಿಸಲಿಲ್ಲ. ಮುಖದಲ್ಲಿ ನಗು ಮೂಡುವುದು ತಡವಾಗುತ್ತಿತ್ತು. ನಾನು ಗಂಟಲಿನದೇ ತೊಂದರೆ ಎಂದು ಬಿಸಿನೀರು, ಜೇನುತುಪ್ಪ, ಉಪ್ಪುನೀರು ಎಲ್ಲ ಮಾಡಿದೆ. ಗಂಟಲಿನ ವೈದ್ಯರು ದೀಪ ಹಾಕಿ ನೋಡಿ, "ಗಂಟಲು ಚೆನ್ನಾಗಿದೆ, ವಯಸ್ಸು" ಎಂದು ಕಳಿಸಿದರು.

ಹಜಾರದಲ್ಲಿ ಸಾಮಾನು ಎತ್ತಿ ತೋರಿಸುವ ಕೆಲಸದವನೊಬ್ಬನಿದ್ದ. ಬಹಳ ಎತ್ತರ, ಅದಕ್ಕೆ ಅವನ ಹೆಸರೇ ಏಣಿ ಎಂದಾಗಿತ್ತು. ಅವನು ಯಾರೂ ಹೇಳದೆಯೇ ಬೆಂಚುಗಳ ನಡುವೆ ನಿಂತು, ಯಜಮಾನರು ಹೇಳಿದ್ದನ್ನು ಹಿಂದಿನವರಿಗೆ ತಿರುಗಿ ಕೂಗಿ ಹೇಳತೊಡಗಿದ. ಹೀಗೆ ಕೆಲವು ಕಾಲ ನಡೆಯಿತು. ಒಂದು ದಿನ ಏಣಿ ಜ್ವರವೆಂದು ಬರಲಿಲ್ಲ. ಅಂದು ಒಂದು ಜೋಡಿ ಕನ್ನಡಿ ಬೀರು ಬಂದಿತ್ತು. ಯಜಮಾನರು "ಕೇಳಿಸ್ತಾ?" ಎಂದರು. ಹಿಂದೆ ಒಬ್ಬಳು ನೊಣ ಓಡಿಸಲು ಕೈ ಎತ್ತಿದಳು. ಕೇಳಿಸಿತು ಎಂದುಕೊಂಡು ಇವರು ಕೂಗಿದರು, ಮುಂದಿನ ಸಾಲಿನವನು ಕಡಿಮೆಗೆ ಕೇಳಿದ, ಸುತ್ತಿಗೆ ಬಿತ್ತು. ಆಗ ಹಿಂದಿನ ಬೆಂಚುಗಳು ಎದ್ದು ನಿಂತವು. "ನಮಗೆ ಕೇಳಿಸ್ಲೇ ಇಲ್ಲ. ಒಳಗೊಳಗೇ ಮಾತಾಡ್ಕೊಂಡು ಮಾರಿದೀರಿ" ಎಂದರು. ಯಾರೋ "ಕಳ್ಳ" ಎಂದರಂತೆ. ಯಜಮಾನರು ಏನೋ ಹೇಳಿದರು, ಅದೂ ಕೇಳಿಸಲಿಲ್ಲ. ಸುತ್ತಿಗೆಯನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ ಕಟ್ಟೆ ಇಳಿದು ಮನೆಗೆ ಬಂದರು. ಬೂಟು ಕಳಚಲು ಅಂದು ಅವರಿಗೆ ಬಹಳ ಹೊತ್ತು ಹಿಡಿಯಿತು. ನಾನು ಬಗ್ಗಿ ಬಿಚ್ಚಲು ಹೋದರೆ ಬೇಡ ಎಂದು ಕೈಯಾಡಿಸಿದರು.

ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅಪ್ಪನಿಗೆ ಕನ್ನಡಕ ಹಾಕಿ ನೋಡುವಾಗ, "ಅಪ್ಪ, ನೀವು ಕಣ್ಣು ಮಿಟುಕಿಸೋದೇ ಕಡಿಮೆ ಆಗಿದೆ" ಎಂದಳು. ಅವಳೇ ನರಗಳ ವೈದ್ಯರ ಹತ್ತಿರ ಕರೆದುಕೊಂಡು ಹೋದಳು.

ಆ ವೈದ್ಯೆ ನಮ್ಮ ಮಗಳಿಗಿಂತ ಚಿಕ್ಕವಳು. ಬೆರಳು ತಟ್ಟಿಸಿದಳು, ನಡೆಸಿದಳು, ಕೂರಿಸಿ ಎಬ್ಬಿಸಿದಳು. ಕೊನೆಗೆ ನನ್ನ ಕಡೆ ತಿರುಗಿ, "ನಿದ್ದೆ ಹೇಗೆ ಮಾಡ್ತಾರೆ, ಅಮ್ಮ?" ಎಂದಳು.

"ನಿದ್ದೆ ಎಲ್ಲಿ, ಬೆಳಗಾದ್ರೆ ಹರಾಜು" ಎಂದು ನಾನು ಎಂದಿನ ನಗೆಯಲ್ಲೇ ಹೇಳಿದೆ. ಅವಳು ನಗಲಿಲ್ಲ. ಪೆನ್ನು ಕೆಳಗಿಟ್ಟು, ಎಷ್ಟು ವರ್ಷದಿಂದ, ಹೊಡೆಯುತ್ತಾರೆಯೇ, ಕನಸು ನೆನಪಿರುತ್ತದೆಯೇ ಎಂದು ಒಂದೊಂದಾಗಿ ಕೇಳಿದಳು. ನನ್ನ ನಗು ಬಾಯಲ್ಲೇ ಒಣಗಿತು.

ಮೆದುಳಿನ ಚಿತ್ರ ತೆಗೆಸಿದರು. ವೈದ್ಯೆ ಪರದೆಯ ಮೇಲೆ ಎರಡು ಚಿತ್ರ ಪಕ್ಕಪಕ್ಕದಲ್ಲಿ ಇಟ್ಟಳು. "ಇದು ಆರೋಗ್ಯವಾಗಿರೋರದ್ದು" ಎಂದಳು. ಕತ್ತಲ ನಡುವೆ ಎರಡು ಅಲ್ಪವಿರಾಮಗಳು ಎದುರುಬದುರಾಗಿ ಹೊಳೆಯುತ್ತಿದ್ದವು. "ಇದು ಅಪ್ಪ ಅವರದ್ದು." ಅಲ್ಲಿ ಎರಡು ಚುಕ್ಕೆ. ಬಾಲವಿಲ್ಲದ ಎರಡು ಪೂರ್ಣವಿರಾಮ, ಅವೂ ಮಂಕು.

"ಮೆದುಳಲ್ಲಿ ಡೋಪಮೈನ್ ಅಂತ ಒಂದು ರಸ ಇರುತ್ತೆ. ಕೈ ಎತ್ಬೇಕು, ಮಾತಾಡ್ಬೇಕು ಅಂತ ನಾವು ಅಂದ್ಕೊಂಡದ್ದು ನಡೆಯೋದಕ್ಕೆ ಅದು ಬೇಕು. ಅದನ್ನ ಕೊಡೋ ನರಗಳು ಇಲ್ಲಿ ಬಹಳ ಹೋಗಿವೆ. ಇದು ಪಾರ್ಕಿನ್ಸನ್ ಕಾಯಿಲೆ, ಅಮ್ಮ. ಕನಸು ಬೀಳೋವಾಗ ನಮ್ಮ ಮೈಗೆಲ್ಲ ಬೀಗ ಬಿದ್ದಿರುತ್ತೆ, ಅದಕ್ಕೇ ನಾವು ಕನಸಲ್ಲಿ ಓಡಿದ್ರೂ ಹಾಸಿಗೇಲಿ ಓಡಲ್ಲ. ಇವರ ಬೀಗ ಎಷ್ಟೋ ವರ್ಷದ ಹಿಂದೇನೇ ಸಡಿಲ ಆಗಿತ್ತು. ಕಾಯಿಲೆ ಮೊದಲು ಬಂದು ಬಾಗಿಲು ತಟ್ಟಿದ್ದು ಅಲ್ಲಿ."

"ಆವಾಗ್ಲೇ ಬಂದಿದ್ರೆ?" ಎಂದು ಮಗಳು ಕೇಳಿದಳು.

"ಬಂದಿದ್ರೂ ಇದನ್ನ ತಡೆದು ನಿಲ್ಲಿಸೋ ಔಷಧಿ ನಮ್ಮ ಹತ್ರ ಇರ್ಲಿಲ್ಲ. ಇವತ್ತಿಗೂ ಇಲ್ಲ. ಇರೋ ಕಷ್ಟಾನ ಹಗುರ ಮಾಡ್ಬಹುದು, ಅಷ್ಟೇ." ಆಮೇಲೆ ಚಿತ್ರದ ಮೇಲೆ ಬೆರಳಿಟ್ಟು, "ಸಾಮಾನ್ಯವಾಗಿ ಒಂದು ಕಡೆ ಮೊದಲು ಕುಗ್ಗುತ್ತೆ, ಇನ್ನೊಂದು ಕಡೆ ಆಮೇಲೆ. ಹೀಗೆ ನಿದ್ದೇಲಿ ಕೂಗಾಡೋರಲ್ಲಿ ಎಷ್ಟೋ ಸಲ ಎರಡೂ ಕಡೆ ಹೆಚ್ಚು ಕಡಿಮೆ ಒಟ್ಟಿಗೇ ಹೋಗಿರುತ್ತೆ. ನೋಡಿ, ಎರಡೂ ಸಮ" ಎಂದಳು.

ಯಜಮಾನರ ತುಟಿ ಅಲ್ಲಾಡಿತು. ವೈದ್ಯೆ ಬಗ್ಗಿ, "ಏನಂದ್ರಿ?" ಎಂದಳು.

"ಜೋಡಿ ಒಡೆದಿಲ್ಲ, ಅಂತಿದಾರೆ" ಎಂದೆ ನಾನು.

ಅವಳಿಗೆ ಅರ್ಥವಾಗಲಿಲ್ಲ. ನನಗೆ ನಗು ಬಂತು. ಹೊರಗೆ ಬಂದು, ರೋಗಿಗಳ ಕೈಗಾಡಿಗಳು ಹೋಗಿಬರುವ ಆಸ್ಪತ್ರೆಯ ಉದ್ದನೆಯ ಹಾದಿಯಲ್ಲಿ ಗೋಡೆಗೆ ಮುಖ ಮಾಡಿ ನಿಂತು ಅತ್ತೆ.

ಹಗಲಿನ ಮಾತ್ರೆಗಳಿಂದ ನಡೆ ಕೊಂಚ ಹಗುರಾಯಿತು, ಗುಂಡಿ ಹಾಕಿಕೊಳ್ಳುವಷ್ಟು ಬೆರಳು ತಿರುಗಿದವು. ದನಿ ಮಾತ್ರ ಮೇಲೇಳಲಿಲ್ಲ. ಏಣಿ ಆಗಾಗ ಬಂದು ಹಜಾರದ ಸುದ್ದಿ ಹೇಳುತ್ತಿದ್ದ. ಈಗ ಕಟ್ಟೆ ಹತ್ತುವವನು ಅವನೇ. "ನೀವು ಗುಡುಗ್ತಿದ್ರಿ, ಅಣ್ಣ. ನಾನು ಬರೀ ಡಬ್ಬಾ ಬಡೀತೀನಿ" ಎನ್ನುವನು. ಯಜಮಾನರು ಏನಾದರೂ ಹೇಳಿದರೆ ನನ್ನ ಕಡೆ ತಿರುಗಿ, "ಏನಂತೆ, ಅತ್ತಿಗೆ?" ಎನ್ನುವನು. ಹಿಂದೆ ಅವರ ಮಾತನ್ನು ಊರಿಗೆಲ್ಲ ತಲುಪಿಸುತ್ತಿದ್ದವನಿಗೆ ಈಗ ನಾನು ತಲುಪಿಸಬೇಕಾಗಿತ್ತು.

ಆದರೆ ಬೆಳಗಿನ ಜಾವದಲ್ಲಿ ಆ ದನಿ ಬರುತ್ತಿತ್ತು.

ಇದನ್ನು ಹೇಗೆ ಹೇಳಲಿ? ಹಗಲೆಲ್ಲ ನೀರು ಕೇಳಿದರೂ ಕೇಳಿಸದ ಆ ಬಾಯಿ, ನಿದ್ದೆಯಲ್ಲಿ ಹಳೆಯ ಗುಡುಗನ್ನು ಗುಡುಗುತ್ತಿತ್ತು. ಹಗಲು ಲೋಟ ಎತ್ತಲು ಯೋಚಿಸುವ ಕೈ, ನಿದ್ದೆಯಲ್ಲಿ ಚುರುಕಾಗಿ ಮೇಲೆದ್ದು ಬೀಳುತ್ತಿತ್ತು. ಮುಖ ಸಹ ಸಡಿಲಾಗಿ ನಗುತ್ತಿತ್ತು. ವೈದ್ಯೆಯನ್ನು ಕೇಳಿದೆ. "ಇದು ನಮಗೂ ಪೂರ್ತಿ ತಿಳಿದಿಲ್ಲ, ಅಮ್ಮ. ದೊಡ್ಡ ರಸ್ತೆ ಕೆಟ್ಟುಹೋದಾಗ ಜನ ಓಣಿಯಲ್ಲಿ ಹೋಗಲ್ವಾ, ಕನಸಿಗೆ ಹಾಗೆ ಬೇರೆ ದಾರಿ ಇರಬಹುದು" ಎಂದಳು. ನನಗೆ ಅಷ್ಟು ಸಾಕಾಗಿತ್ತು. ಹಗಲಿನಲ್ಲಿ ಕಿತ್ತುಕೊಂಡದ್ದನ್ನು ದೇವರು ಬೆಳಗಿನ ಜಾವದಲ್ಲಿ ಒಂದಿಷ್ಟು ಹಿಂತಿರುಗಿಸುತ್ತಿದ್ದಾನೆ ಎಂದುಕೊಂಡೆ. ಅಲಾರಾಂ ಇಲ್ಲದೆಯೇ ಎಚ್ಚರವಾಗುತ್ತಿತ್ತು. ಎದ್ದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರುವೆ. "ಕಡೇ ಬೆಂಚಿನವರಿಗೆ ಕೇಳಿಸ್ತಾ?" ಎಂದು ಅವರು ಕೂಗಿದರೆ ಕತ್ತಲಲ್ಲೇ ಕೈ ಎತ್ತುವೆ. ಅವರು ನೋಡುವುದಿಲ್ಲ ಎಂದು ಗೊತ್ತಿದ್ದೂ ಎತ್ತುವೆ.

ಬೆಳಗ್ಗೆ ಅವರು ಹಾಸಿಗೆಯ ಅಂಚಿನಲ್ಲಿ ಕೂತು, ಕಿವಿ ಹತ್ತಿರ ತಾ ಎಂದು ಸನ್ನೆ ಮಾಡಿ ಕೇಳುವರು, "ಇವತ್ತು ಏನು ಮಾರಿದೆ?"

"ಒಂದು ಗೋಡೆ ಗಡಿಯಾರ, ಒಂದು ತೊಟ್ಟಿಲು."

"ತೊಟ್ಟಿಲು ಯಾರಿಗೆ?"

"ಹೆಸರು ಹೇಳ್ಲಿಲ್ಲ. ಆದ್ರೆ ಅವನಿಗೆ ಚೆನ್ನಾಗಿ ಬೈದ್ರಿ."

"ಬೈಸ್ಕೊಂಡು ತಗೊಂಡ್ನಾ? ಒಳ್ಳೆ ಗಿರಾಕಿ" ಎನ್ನುವರು. ಅವರ ಮುಖದಲ್ಲಿ ನಗು ಬರಲು ಹೊತ್ತಾಗುತ್ತಿತ್ತು. ನಾನು ಕಾಯುತ್ತಿದ್ದೆ.

ಮಲಗುವ ಮುಂಚೆ ಕೊಡಬೇಕಾದ ಒಂದು ಮಾತ್ರೆಯನ್ನು ವೈದ್ಯೆ ಮೊದಲೇ ಹೇಳಿದ್ದಳು. ಕೂಗುವುದು, ಹೊಡೆಯುವುದು ಎರಡೂ ಇಳಿಯುತ್ತವೆ ಎಂದಿದ್ದಳು. "ಹೊಡೆಯೋದು ಮಾತ್ರ ನಿಲ್ಲಿಸಿ ಕೂಗೋದನ್ನ ಬಿಡೋ ಮಾತ್ರೆ ಇಲ್ವಾ?" ಎಂದು ಕೇಳಿದ್ದೆ. "ಇಲ್ಲ, ಅಮ್ಮ" ಎಂದಿದ್ದಳು. ಹಾಗಾದರೆ ಸದ್ಯಕ್ಕೆ ಬೇಡ ಎಂದೆ. ಮಂಚ ತೆಗೆಸಿ ಹಾಸಿಗೆಯನ್ನು ನೆಲಕ್ಕೆ ಇಳಿಸಿದೆ. ಗೋಡೆಗೆ ದಿಂಬು ಒರಗಿಸಿದೆ, ದೀಪವನ್ನು ದೂರ ಇಟ್ಟೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಮಾಡಿದ ಏರ್ಪಾಡು ಅದು. ಮಗಳಿಗೆ ಇದು ಸರಿಬೀಳಲಿಲ್ಲ. ಮಾತ್ರೆಯನ್ನು ತಾನೇ ಕೊಂಡು ತಂದು ಊಟದ ಮೇಜಿನ ಮೇಲೆ, ಎಲ್ಲರಿಗೂ ಕಾಣುವಂತೆ ಇಟ್ಟು ಹೋದಳು. ಅದು ಅಲ್ಲೇ ಇತ್ತು.

ಹೀಗಿರುವಾಗ ಒಂದು ಬೆಳಗಿನ ಜಾವ ಅವರು ಒಂದು ಜೋಡಿ ಕುರ್ಚಿಯನ್ನು ಕೂಗುತ್ತಿದ್ದರು. ಎಂಥ ಕೂಗು. ಮರ ಯಾವುದು, ಹೆಣಿಗೆ ಯಾವುದು, ಯಾವ ಮನೆಯ ಯಾವ ಕಿಟಕಿಯ ಪಕ್ಕ ಗಂಡಹೆಂಡತಿ ಅದರಲ್ಲಿ ಕೂರುತ್ತಿದ್ದರು, ಎಲ್ಲವನ್ನೂ ವರ್ಣಿಸುತ್ತಿದ್ದರು. ನನಗೆ ಕುರ್ಚಿಯಲ್ಲಿ ಕೂತಿರಲು ಆಗಲಿಲ್ಲ. ಆ ದನಿಯ ಹತ್ತಿರ ಹೋಗಬೇಕೆನಿಸಿತು. ಹಾಸಿಗೆಯ ಪಕ್ಕ ಮೊಣಕಾಲೂರಿ ಅವರ ಮುಖದ ಮೇಲೆ ಬಗ್ಗಿದೆ. "ಮೂರು ಸಲ" ಎಂದರು. ಕೈ ಬಿತ್ತು.

ಹುಬ್ಬು ಒಡೆಯಿತು. ನಾನು ಕೂಗಲಿಲ್ಲ. ಬಚ್ಚಲಿಗೆ ಹೋಗಿ ಬಟ್ಟೆ ಒತ್ತಿ ಹಿಡಿದು ಕೂತೆ. ಎದ್ದ ಮೇಲೆ ಅವರು ನನ್ನ ಮುಖ ನೋಡಿ ಹುಬ್ಬಿನ ಕಡೆ ಬೆರಳು ಮಾಡಿದರು. "ಕಪಾಟಿನ ಹಿಡಿ ತಗುಲ್ತು" ಎಂದೆ. ಅಂದು ಅವರು ಏನು ಮಾರಿದೆ ಎಂದು ಕೇಳಲಿಲ್ಲ.

ಮಗಳು ಕೆಲಸಕ್ಕೆ ಹೋಗುವ ದಾರಿಯಲ್ಲಿ ಬಂದವಳು ಬಾಗಿಲಲ್ಲೇ ನಿಂತಳು.

"ಇದೇನಮ್ಮ ಇದು?"

"ಕಪಾಟು."

"ಯಾವ ಕಪಾಟಮ್ಮ, ಕೈಕಾಲು ಇರೋ ಕಪಾಟಾ? ಕಣ್ಣಿಗೆ ಬಿದ್ದಿದ್ರೆ? ನಾಳೆ ಅಪ್ಪನೇ ಬಿದ್ದು ಸೊಂಟ ಮುರ್ಕೊಂಡ್ರೆ? ಮಾತ್ರೆ ಮೇಜಿನ ಮೇಲೆ ಇಟ್ಕೊಂಡು ಪೂಜೆ ಮಾಡ್ತಿದೀಯಾ?"

"ಮೆತ್ತಗೆ ಮಾತಾಡು, ಒಳಗಿದಾರೆ."

"ಕೇಳಿಸ್ಲಿ. ನಿನಗೆ ಬೇಕಾಗಿರೋದು ಏನು, ಅಮ್ಮ?"

"ಅವರ ದನಿ" ಎಂದೆ. ಬೇರೆ ಏನು ಹೇಳಲಿ? "ನಿನಗೆ ಗೊತ್ತಿಲ್ಲ ಮಗಳೇ. ನೀನು ನಿನ್ನ ಮನೇಲಿರ್ತೀಯ. ಈ ಮನೇಲಿ ಈಗ ಗಡಿಯಾರದ ಸದ್ದು ಬಿಟ್ರೆ ಇನ್ನೇನೂ ಇಲ್ಲ. ದಿನಕ್ಕೆ ಆ ಒಂದು ಗಳಿಗೆ ನನ್ನ ಗಂಡ ಮನೇಲಿರ್ತಾರೆ."

ಅವಳ ಸಿಟ್ಟು ಇಳಿಯಿತು. ನನ್ನ ಹುಬ್ಬಿನ ಗಾಯಕ್ಕೆ ಪಟ್ಟಿ ಹಚ್ಚಿದಳು. "ನಾನೂ ಅಪ್ಪನ ದನಿ ಕೇಳಿ ಬೆಳೆದವಳೇ ಅಲ್ವಾ" ಎಂದಳು. ಆಮೇಲೆ ಕೆಲಸಕ್ಕೆ ಹೋದಳು.

ನಾನು ಒಳಗೆ ಹೋದೆ. ಯಜಮಾನರು ಕಿಟಕಿಯ ಹತ್ತಿರ ಕೂತಿದ್ದರು. ಕೈಗಳು ತೊಡೆಯ ಮೇಲಿದ್ದವು. ಹತ್ತಿರ ಬಾ ಎಂದು ಸನ್ನೆ ಮಾಡಿದರು. ನಾನು ಬಗ್ಗಿ ಬಾಯಿಗೆ ಕಿವಿ ಹಚ್ಚಿದೆ.

"ಸುತ್ತಿಗೆ ಬಿದ್ದಾಗ ಸದ್ದು ಬರ್ಲಿಲ್ಲ" ಎಂದರು. ಉಸಿರು ತೆಗೆದುಕೊಂಡರು. "ಕನಸಲ್ಲಿ. ಮರದ ಮೇಲೆ ಬಿದ್ರೆ ಸದ್ದು ಬರುತ್ತೆ. ಮೆತ್ತಗಿತ್ತು."

ನಾನು ಹುಬ್ಬಿನ ಪಟ್ಟಿಯನ್ನು ಕೈಯಿಂದ ಮುಚ್ಚಿಕೊಂಡೆ.

"ಮಾತ್ರೆ ಕೊಡು."

"ಕೊಟ್ರೆ ಆ ದನಿ ಹೋಗುತ್ತಂತೆ ರೀ."

"ಹೋಗ್ಲಿ."

"ನನಗೆ ಅದೊಂದೇ ಉಳಿದಿರೋದು. ಪೆಟ್ಟಿನದೇನು, ನಾನು ದೂರ ಕೂತ್ಕೋತೀನಿ. ಇನ್ನು ಹತ್ರ ಬರಲ್ಲ."

ಅವರು ಕಿಟಕಿಯ ಕಡೆ ನೋಡಿದರು. ಮಾತು ಹುಡುಕುತ್ತಿದ್ದಾರೋ, ಬಲ ಕೂಡಿಸುತ್ತಿದ್ದಾರೋ ತಿಳಿಯದು. ಆಮೇಲೆ ತುಂಡು ತುಂಡಾಗಿ ಬಂತು.

"ದನಿ, ಪೆಟ್ಟು. ಜೋಡಿ ಅದು. ಒಂದನ್ನ ಇಟ್ಕೊಂಡು ಒಂದನ್ನ ಬಿಡ್ತೀನಿ ಅಂದ್ರೆ ಆಗಲ್ಲ. ನಾನು ಯಾರಿಗೂ ಹಾಗೆ ಕೊಟ್ಟವನಲ್ಲ."

"ಮುರಿದದ್ದನ್ನೂ ಸೇರಿಸಿ ತಗೊಂಡು ಹೋಗ್ಲಿ ಅಂತಿದ್ರಲ್ಲ. ನಾನು ಸೇರಿಸೇ ತಗೋತೀನಿ."

"ಈ ಸವಾಲು ನಿನಗಿಲ್ಲ" ಎಂದರು. "ಮಾರೋನು ನಾನು. ವಾಪಸ್ ತಗೊಂಡೆ."

ಅವರ ಕೈ ಮೇಲೆದ್ದು, ದಾರಿಯಲ್ಲಿ ಒಮ್ಮೆ ನಿಂತು, ಮತ್ತೆ ಎದ್ದು, ನನ್ನ ಹುಬ್ಬಿನ ಪಟ್ಟಿಯನ್ನು ಮುಟ್ಟಿತು. ಅಷ್ಟು ದೂರ ಬರಲು ಆ ಕೈಗೆ ಎಷ್ಟು ಕಷ್ಟವಾಯಿತೆಂದು ನಾನು ಕಂಡೆ. ಅದೇ ಕೈ ನಿದ್ದೆಯಲ್ಲಿ ಎಷ್ಟು ಸುಲಭವಾಗಿ ಬಿದ್ದಿತ್ತು. ಇದು ಅವರ ಕೈ, ಅದು ಯಾರದ್ದೋ ಎನಿಸಿತು. ಹಾಗೆ ಅನ್ನಿಸಿದ್ದು ಆ ಗಳಿಗೆಗೆ ಮಾತ್ರ. ಮತ್ತೆ ಆ ಗುಡುಗು ನೆನಪಾಗಿ ಆಸೆ ಹುಟ್ಟಿತು.

"ಇನ್ನೊಂದೇ ಒಂದು ಬೆಳಗು ಬಿಡಿ" ಎಂದೆ. "ಆಮೇಲೆ ಕೊಡ್ತೀನಿ. ದೇವರಾಣೆ."

ಅವರು ಕಣ್ಣಲ್ಲೇ ನಕ್ಕರು. "ಕಡೇ ಬೆಂಚಲ್ಲಿ ಕೂತ್ಕೋಬೇಕು."

"ಕೂತ್ಕೋತೀನಿ."

ಅಂದು ಸಂಜೆಯ ಪ್ರಾರ್ಥನೆಯಲ್ಲಿ ನಾನು ದೇವರನ್ನು ಬೇಡಿದ್ದು ಅದೊಂದನ್ನೇ. ಆರೋಗ್ಯ ಕೇಳಲಿಲ್ಲ, ಆಯುಷ್ಯ ಕೇಳಲಿಲ್ಲ. ನಾಳೆ ಬೆಳಗ್ಗೆ ಒಂದು ಹರಾಜು, ಅಷ್ಟೇ.

ಕತ್ತಲಿರುವಾಗಲೇ ಎದ್ದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತೆ. ಶಾಲು ಹೊದ್ದಿದ್ದೆ. ಅವರ ಉಸಿರು ಒಂದೇ ಸಮ ಬರುತ್ತಿತ್ತು. ಒಮ್ಮೆ ಬೆರಳು ಮಿಸುಕಿತು. ನಾನು ಮುಂದಕ್ಕೆ ಬಾಗಿದೆ. ಏನೂ ಇಲ್ಲ. ಬೀದಿಯಲ್ಲಿ ಮೊದಲ ಬಸ್ಸು ಹೋಯಿತು. ಹಾಲಿನವನ ಸೈಕಲ್ಲು ಬಂತು. ಪಕ್ಕದ ಮನೆಯಲ್ಲಿ ನಲ್ಲಿ ತಿರುಗಿಸಿದರು. ಕಿಟಕಿಯ ಬೂದು ಬಣ್ಣ ಬೆಳ್ಳಗಾಯಿತು, ಬೆಳಕು ಅವರ ಹೊದಿಕೆಯ ಮೇಲೆ ಬಂದು ಕೂತಿತು. ಅವರು ಮಗುವಿನಂತೆ ನಿದ್ದೆ ಮಾಡುತ್ತಿದ್ದರು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ ಆ ಬೆಳಗು ನನಗೆ ಏನನ್ನೂ ಕೊಡಲಿಲ್ಲ. ನನಗೆ ಸಿಗಬೇಕಾದ ಕಡೆಯದು ಆಗಲೇ ಸಿಕ್ಕಿಬಿಟ್ಟಿತ್ತು, ಹುಬ್ಬು ಒಡೆದ ಬೆಳಗ್ಗೆ. ಅದು ಕಡೆಯದೆಂದು ಆಗ ಯಾರೂ ಹೇಳಲಿಲ್ಲ.

ಅವರು ಎದ್ದರು. ಹಾಸಿಗೆಯಲ್ಲಿ ಕೂರಿಸಿದೆ. ಕಿವಿ ತಾ ಎಂದು ಸನ್ನೆ ಮಾಡಿದರು.

"ಏನು ಮಾರಿದೆ?"

"ಜೋಡಿ ಕುರ್ಚಿ" ಎಂದೆ. ನನ್ನ ಬಾಯಿಗೆ ಬಂದದ್ದು ಅದೇ. "ಒಳ್ಳೆ ಬೆಲೆಗೆ ಹೋಯ್ತು."

"ಯಾರು ತಗೊಂಡ್ರು?"

"ಕಡೇ ಬೆಂಚಿನವರು."

ಅವರು ನನ್ನ ಮುಖ ನೋಡಿದರು. ಹರಾಜಿನ ಕಟ್ಟೆಯ ಮೇಲೆ ಒಂದು ಆಯುಷ್ಯ ನಿಂತು ಜನರ ಮುಖ ಓದಿದವರು ಅವರು. ಸುಳ್ಳು ಸವಾಲು ಯಾವುದು, ನಿಜ ಯಾವುದು ಎಂದು ಅವರಿಗೆ ತಿಳಿಯದೆ ಇರುತ್ತದೆಯೇ? ಆದರೂ, "ಮೋಸ ಹೋಗ್ಲಿಲ್ಲ ತಾನೇ?" ಎಂದು ಮಾತ್ರ ಕೇಳಿದರು. ಇಲ್ಲ ಎಂದೆ.

ಅಂದು ಮಲಗುವ ಮುಂಚೆ ಮಾತ್ರೆ ಕೊಟ್ಟೆ. ಮರುದಿನವೂ ಕೊಟ್ಟೆ. ಒಂದೆರಡು ಸಲ ನಿದ್ದೆಯಲ್ಲಿ ಗೊಣಗಿದರು, ಕೈ ಚೂರು ಎದ್ದು ಬಿತ್ತು, ಆಮೇಲೆ ಅದೂ ನಿಂತಿತು. ಮಂಚ ಮತ್ತೆ ಒಳಗೆ ಬಂತು. ನಾನು ಅವರ ಪಕ್ಕದಲ್ಲಿ ಮಲಗಿದೆ. ಅವರ ಉಸಿರು ನನ್ನ ಭುಜಕ್ಕೆ ತಗಲುತ್ತಿತ್ತು. ಬೆಳಗಿನ ಜಾವ ಎಂದಿನಂತೆ ಎಚ್ಚರವಾಗುತ್ತಿತ್ತು. ಆ ಮೌನದಲ್ಲಿ ಮಲಗಿರುವುದಕ್ಕೆ ನಾನು ಬಹಳ ಕಷ್ಟಪಟ್ಟೆ. ಎಷ್ಟೋ ಬೆಳಗು ದೇವರೊಡನೆ ಜಗಳವಾಡಿದೆ. ಹಗಲನ್ನು ಕಿತ್ತುಕೊಂಡೆ, ಜಾವವನ್ನೂ ಕಿತ್ತುಕೊಂಡೆ, ಇನ್ನೇನು ಉಳಿಸಿದ್ದೀಯ ಎಂದೆ.

ಉಳಿದಿದ್ದು ಪಿಸುಮಾತು. ಅದನ್ನು ಕೇಳಲು ನಾನು ಕಲಿತೆ. ಮೊದಲು ಕಿವಿ ಹಚ್ಚಿ ಕೇಳುತ್ತಿದ್ದೆ, ಕೊನೆಕೊನೆಗೆ ಕೆನ್ನೆಗೆ ತಗಲುವ ಉಸಿರಿನಿಂದಲೇ ನೀರು ಎಂದದ್ದು, ಕಿಟಕಿ ಎಂದದ್ದು, ನೀನು ಊಟ ಮಾಡು ಎಂದದ್ದು ತಿಳಿಯುತ್ತಿತ್ತು. ಅಷ್ಟು ಹತ್ತಿರದಿಂದ ಅವರ ಮಾತನ್ನು ನಾನು ಎಂದೂ ಕೇಳಿರಲಿಲ್ಲ. ಗುಡುಗನ್ನು ಕೇಳಲು ಯಾರು ಹತ್ತಿರ ಹೋಗುತ್ತಾರೆ? ಇದರಿಂದ ಸಮಾಧಾನವಾಯಿತೆಂದು ಹೇಳಲಾರೆ. ನನಗೆ ಗುಡುಗೇ ಬೇಕಾಗಿತ್ತು.

ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿತು. ಆಸ್ಪತ್ರೆ ಬೇಡ ಎಂದರು, ವೈದ್ಯೆಯೂ ಬಲವಂತ ಮಾಡಲಿಲ್ಲ. ಒಂದು ಮಧ್ಯಾಹ್ನ ಮಗಳು ಕಾಲು ಒತ್ತುತ್ತಿದ್ದಳು. ಏಣಿ ಬಾಗಿಲಿಗೆ ತಲೆ ತಗಲದಂತೆ ಬಗ್ಗಿ ನಿಂತಿದ್ದ. ಅವರ ತುಟಿ ಅಲ್ಲಾಡಿದ್ದನ್ನು ಕಂಡು, "ಏನಂತೆ, ಅತ್ತಿಗೆ?" ಎಂದ. ನಾನು ಬಗ್ಗಿದೆ.

"ಕಡೇ ಬೆಂಚಿಗೆ" ಎಂದರು. ಉಸಿರಿಗಾಗಿ ನಿಂತರು. "ಕೇಳಿಸ್ತಾ?"

ನಾನು ಕೈ ಎತ್ತಿದೆ. "ಕೇಳಿಸ್ತು ರೀ" ಎಂದೆ. ಆಮೇಲೆ ಅವರು ಏನನ್ನೂ ಕೂಗಲಿಲ್ಲ.

ಏಣಿ ಮುಖ ತಿರುಗಿಸಿಕೊಂಡ. ಅದನ್ನು ಅವನಿಗೆ ತಲುಪಿಸಿ ಹೇಳಬೇಕಾಗಲಿಲ್ಲ.

ಈಗಲೂ ಬೆಳಗಿನ ಜಾವ ಎಚ್ಚರವಾಗುತ್ತದೆ. ಎದ್ದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಪ್ರಾರ್ಥನೆ ಮಾಡುತ್ತೇನೆ. ವಯಸ್ಸಾಗಿದೆ, ನನ್ನ ದನಿಯೂ ಇಳಿದಿದೆ. ದೇವರು ಎಷ್ಟು ದೂರದಲ್ಲಿ ಕೂತಿದ್ದಾನೋ ನನಗೂ ಗೊತ್ತಿಲ್ಲ. ನಾನು ಜೋರಾಗಿ ಹೇಳುವುದಿಲ್ಲ. ಬಗ್ಗಿ ಬಾಯಿಗೆ ಕಿವಿ ಹಚ್ಚಿದರೆ ಅವನಿಗೆ ಕೇಳಿಸುತ್ತದೆ.